ಹುಳಿ ಹುಡುಕುವ ಮದ್ದು

"ನಿಮ್ಮಮ್ಮನಿಗೆ ಸಕ್ಕರೆ ಕಾಯಿಲೆ ಇತ್ತೋ ಇಲ್ವೋ? ಅಷ್ಟು ಹೇಳಮ್ಮ, ಸಾಕು."

ಟೈಲರಮ್ಮನ ಮಗಳು ತಲೆ ಎತ್ತಲಿಲ್ಲ. ಕರ್ಚೀಫನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು, ಮತ್ತೆ ಸುತ್ತುತ್ತಿದ್ದಳು. ಹೊಸ ನೋವಿನ ಔಷಧಿಯ ಪರೀಕ್ಷೆಗೆಂದು ಈ ಆಸ್ಪತ್ರೆ ಸೇರಿದ್ದ ಅವಳ ಅಮ್ಮ ಬುಧವಾರ ಬೆಳಗಾಗುವಷ್ಟರಲ್ಲಿ ಮಲಗಿದಲ್ಲೇ ಉಸಿರು ನಿಂತು ತೀರಿಹೋಗಿದ್ದಳು. ಈಗ ಶುಕ್ರವಾರದ ಮಧ್ಯಾಹ್ನ.

ಉಡ ಸಾಹೇಬ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡ. ಹಿಡಿದರೆ ಬಿಡದ ಇನ್ಸ್‌ಪೆಕ್ಟರ್ ಅಂತ ಇಲಾಖೆಯವರು ಇಟ್ಟ ಹೆಸರು ಅದು. ಎದುರಿಗೆ ಸಾಹೇಬ, ಬೆನ್ನ ಹಿಂದೆ ಬರೀ ಉಡ.

"ನೋಡಮ್ಮ, ನಾನು ನಿನ್ನನ್ನ ಹೆದರಿಸೋಕೆ ಬಂದಿಲ್ಲ. ಅವರ ರಕ್ತದಲ್ಲಿ ಸಕ್ಕರೆ ಆಕಾಶಕ್ಕೇರಿತ್ತು ಅಂತ ಇವತ್ತು ಬಂದ ವರದಿಯಲ್ಲಿ ಗೊತ್ತಾಗಿದೆ. ಈಗ ಮುಚ್ಚಿಟ್ಟು ಏನು ಬಂತು?"

"ಇತ್ತು ಸಾರ್." ಮಾತು ಬಂತು, ಜೊತೆಗೆ ಅಳುವೂ ಬಂತು. "ಎಷ್ಟೋ ವರ್ಷದಿಂದ ಇತ್ತು. ದಿನಾ ಇನ್ಸುಲಿನ್ ಚುಚ್ಕೋತಿದ್ಲು."

"ಮತ್ತೆ ಇಲ್ಲಿ ಸೇರುವಾಗ ಏನೂ ಇಲ್ಲ ಅಂದಿದ್ರಲ್ಲ?"

"ಸಕ್ಕರೆ ಇದ್ದೋರನ್ನ ತಗೊಳ್ಳಲ್ಲ ಅಂದ್ರು. ಅಮ್ಮ ಬೆನ್ನುಮೂಳೆ ನೋವಿಗೆ ಗೋಡೆಗೆ ತಲೆ ಚಚ್ಕೋತಿದ್ಲು ಸಾರ್. ಈ ಹೊಸ ಔಷಧಿ ಒಂದೇ ದಾರಿ ಅಂದಾಗ, ರಕ್ತ ಕೊಡೋ ಹಿಂದಿನ ದಿನದಿಂದ ಊಟ ಬಿಟ್ಟು, ಇನ್ಸುಲಿನ್ ಜಾಸ್ತಿ ಚುಚ್ಕೊಂಡು ಬಂದ್ಲು. ಆವತ್ತು ಎಲ್ಲಾ ಸರಿಯಾಗೇ ಬಂತು. ನೀವಾಗಿದ್ರೆ ಏನ್ ಮಾಡ್ತಿದ್ರಿ?"

ಮೇಜಿನ ಮೇಲೆ ಟೈಲರಮ್ಮನ ಸಾಮಾನು ಹರಡಿತ್ತು. ಕನ್ನಡಕ, ಎರಡು ನೈಟಿ, ಅಳತೆಯ ಟೇಪು, ಅರ್ಧ ಹೊಲಿದ ಮಗುವಿನ ಅಂಗಿ, ಅಗಲ ಬಾಯಿಯ ಒಂದು ಸ್ಟೀಲ್ ಫ್ಲಾಸ್ಕು.

"ಇಲ್ಲಿಗೆ ಬಂದ ಮೇಲೆ ಇನ್ಸುಲಿನ್ ಹೇಗೆ ತಗೋತಿದ್ರು?"

"ನಾನೇ ತಂದುಕೊಡ್ತಿದ್ದೆ. ಪೆನ್ನಿನ ಥರದ್ದು ಬರುತ್ತಲ್ಲ, ಒಳಗೆ ಇನ್ಸುಲಿನ್, ತುದಿಗೆ ಸಣ್ಣ ಸೂಜಿ, ಅದು. ಬಿಸಿ ತಗುಲಬಾರದು ಅಂತ ಆ ಫ್ಲಾಸ್ಕಿಗೆ ಐಸ್ ಹಾಕಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಇಟ್ಕೋತಿದ್ಲು. ಬಚ್ಚಲಿಗೆ ಹೋದಾಗ ಚುಚ್ಕೋತಿದ್ಲು. ಭಾನುವಾರ ಹೊಸದು ಕೊಟ್ಟು ಹಳೇದು ವಾಪಸ್ ತಗೊಂಡು ಹೋದೆ."

ಸಾಹೇಬ ಫ್ಲಾಸ್ಕಿನ ಮುಚ್ಚಳ ತಿರುಗಿಸಿದ. ಒಳಗೆ ಕೈ ಹಾಕಿ ಸವರಿದ. ಒಣಗಿತ್ತು. ನೀರಿಲ್ಲ, ಚೀಲವಿಲ್ಲ, ಪೆನ್ನೂ ಇಲ್ಲ. ಬುಧವಾರ ಬೆಳಿಗ್ಗೆ ತಾನೇ ನಿಂತು ಟೈಲರಮ್ಮನ ಸಾಮಾನನ್ನೆಲ್ಲ ಕಟ್ಟಿಸಿ ಮೊಹರು ಹಾಕಿಸಿದ್ದವನು ಅವನು. ಆಮೇಲೆ ಯಾರೂ ಮುಟ್ಟಿಲ್ಲ ಅನ್ನುವುದು ಅವನಿಗೇ ಗೊತ್ತು.

"ಅಮ್ಮ ಆಮೇಲೆ ಫೋನ್ ಮಾಡಿದ್ರಾ?"

"ಸೋಮವಾರ ಮಾಡಿದ್ಲು, ಮಂಗಳವಾರವೂ ಮಾಡಿದ್ಲು. ಮೊಮ್ಮಗನ ತೋಳಿನ ಅಳತೆ ಕೇಳಿದ್ಲು."

"ಪೆನ್ನು ಕಳೆದಿದೆ, ಇನ್ನೊಂದು ತಾ ಅಂತ ಏನಾದ್ರೂ?"

"ಉಹೂಂ. ಆ ಸುದ್ದಿನೇ ಎತ್ತಲಿಲ್ಲ."

ಅದೊಂದು ಸಾಹೇಬನಿಗೆ ಸರಿ ಕಾಣಲಿಲ್ಲ. ಕಳೆದುಕೊಂಡವರು ಕೂಗಾಡುತ್ತಾರೆ. ಪಕ್ಕದಲ್ಲಿ ನರ್ಸು ಇದ್ದಳೇನೋ, ಗುಟ್ಟು ಬಿಟ್ಟುಕೊಡಲಾಗದೆ ಸುಮ್ಮನಾದಳೇನೋ ಎಂದುಕೊಂಡು ಮುಂದಕ್ಕೆ ಹೋದ. ಯಾಕೆಂದರೆ ಅವನ ಮನಸ್ಸು ಆಗಲೇ ಕುಣಿಯತೊಡಗಿತ್ತು. ಪೆನ್ನು ಯಾರೋ ಎತ್ತಿದ್ದಾರೆ! ಅಂದರೆ ಇದರಲ್ಲಿ ಮನುಷ್ಯರ ಕೈ ಇದೆ, ಔಷಧಿಯ ತಪ್ಪಲ್ಲ. ಒಬ್ಬಳು ಸತ್ತಿದ್ದಾಳೆ, ಅವಳ ಮಗಳು ಎದುರಿಗೆ ಕೂತು ಅಳುತ್ತಿದ್ದಾಳೆ, ತನಗೆ ಖುಷಿಯಾಗುತ್ತಿದೆ. ಥೂ ನಿನ್ನ ಜನ್ಮಕ್ಕೆ ಎಂದು ತನ್ನನ್ನೇ ಬೈದುಕೊಂಡು ಅವನು ಎದ್ದ.

ಖುಷಿಗೆ ಕಾರಣ ಮೂರನೇ ಮಹಡಿಯಲ್ಲಿತ್ತು. ಟೈಲರಮ್ಮನ ಪಕ್ಕದ ಮಂಚದಲ್ಲಿ ಇದ್ದವಳು ಅವನ ಸ್ವಂತ ಅಕ್ಕ.

ಈ ವಿಷಯವನ್ನು ಅವನು ಮೇಲಧಿಕಾರಿಗೆ ಹೇಳಿರಲಿಲ್ಲ. ಹೇಳಿದ್ದರೆ ಕೇಸು ಬೇರೆಯವರ ಕೈಗೆ ಹೋಗುತ್ತಿತ್ತು. ಬೇರೆಯವರು ಔಷಧಿಯಿಂದಲೇ ಸಾವು ಎಂದು ಎರಡು ಸಾಲು ಗೀಚಿ ಕೈ ತೊಳೆದುಕೊಳ್ಳುತ್ತಿದ್ದರು. ಆಸ್ಪತ್ರೆಯ ದೊಡ್ಡ ಡಾಕ್ಟರು ಮೊದಲೇ ಹೇಳಿಬಿಟ್ಟಿದ್ದರು: ಸಂಜೆ ಸಭೆ ಇದೆ, ಅಷ್ಟರೊಳಗೆ ಪೊಲೀಸರು ಬೇರೆ ಕಾರಣ ತೋರಿಸದಿದ್ದರೆ ನಾಳೆಯಿಂದ ಆ ಇಂಜೆಕ್ಷನ್ ಎಲ್ಲರಿಗೂ ಬಂದ್. ಅಲ್ಲಿಯವರೆಗೆ ಇದ್ದವರಿಗೆ ಮಾತ್ರ, ಬೆರಳಿಗೆ ಉಸಿರಾಟ ನೋಡುವ ಕ್ಲಿಪ್ಪು ಸಿಕ್ಕಿಸಿ, ಮುಂದುವರಿಸುವುದು.

ಬಂದ್ ಆದರೆ ಅಕ್ಕ ಮತ್ತೆ ಹಳೆಯ ಮಾರ್ಫಿನ್‌ಗೆ ಹೋಗಬೇಕು. ಆ ದಿನಗಳನ್ನು ಸಾಹೇಬ ಮರೆತಿರಲಿಲ್ಲ. ಸೊಂಟದ ಮೂಳೆಗೆ ಬಂದ ಕ್ಯಾನ್ಸರು. ಮಾರ್ಫಿನ್ ಕೊಟ್ಟರೆ ನೋವು ತಗ್ಗುತ್ತಿತ್ತು, ಅಕ್ಕನೂ ತಗ್ಗಿಹೋಗುತ್ತಿದ್ದಳು. ವಾಂತಿ. ವಾರಗಟ್ಟಲೆ ಕಟ್ಟಿಕೊಂಡ ಹೊಟ್ಟೆ. ಅರ್ಧ ಮುಚ್ಚಿದ ಕಣ್ಣು. ಒಂದು ದಿನ ಅವನನ್ನೇ ನೋಡಿ "ಯಾರಪ್ಪ ನೀನು?" ಎಂದಿದ್ದಳು. ಅಮ್ಮ ಹೋದಾಗ ಸೊಂಟದ ಮೇಲೆ ಹೊತ್ತು ಸಾಕಿದವಳು ಹಾಗೆ ಕೇಳಿದರೆ ಯಾವ ಗಂಡಸು ತಡೆದುಕೊಂಡಾನು? ಅವನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದ.

ಹೊಸ ಇಂಜೆಕ್ಷನ್ ಬಂದ ಮೇಲೆ ಅಕ್ಕ ಮತ್ತೆ ಅಕ್ಕನಾದಳು.

*

"ಏನೋ ಪುಟ್ಟ, ಹರಳೆಣ್ಣೆ ಕುಡಿದೋನ ಥರ ಮುಖ ಮಾಡ್ಕೊಂಡು ಬಂದಿದ್ದೀಯ?"

ಅಕ್ಕ ಕಿಟಕಿಯ ಹತ್ತಿರ ನಿಂತಿದ್ದಳು. ಗೋಡೆಗೆ ಆತುಕೊಂಡಿದ್ದರೂ ಸ್ವಂತ ಕಾಲ ಮೇಲೆ ನಿಂತಿದ್ದಳು. ಕ್ಲಿಪ್ಪನ್ನು ಬೆರಳಿನಿಂದ ಕಿತ್ತು ಕಿಟಕಿಯ ಸರಳಿಗೆ ಸಿಕ್ಕಿಸಿದ್ದಳು. ಊರಿಗೆಲ್ಲ ಉಡ ಸಾಹೇಬನಾದವನು ಈ ರೂಮಿನೊಳಗೆ ಬಂದ ಕೂಡಲೇ ಪುಟ್ಟನಾಗುತ್ತಿದ್ದ. ತಲೆಗೂದಲು ನರೆತರೂ ಅದಕ್ಕೆ ಬಿಡುಗಡೆ ಇರಲಿಲ್ಲ.

"ಅದನ್ನ ಹಾಕ್ಕೋ ಅಂದ್ರೆ ಕಿಟಕಿಗೆ ಹಾಕಿದ್ದೀಯಲ್ಲ ಅಕ್ಕ! ಕಿಟಕಿ ಉಸಿರಾಡುತ್ತಾ?"

"ಹಾಕ್ಕೊಂಡ್ರೆ ಕುಂಯ್ ಕುಂಯ್ ಅಂತ ಬಡ್ಕೊಳ್ಳುತ್ತೆ ಕಣೋ. ಮೊದಲು ಬೇಡ ಅಂತ ಅವರೇ ತೆಗೆದಿದ್ರು. ಈ ಔಷಧಿ ಉಸಿರಿನ ತಂಟೆಗೇ ಹೋಗಲ್ಲ, ಆರಾಮಾಗಿ ಮಲಗಿ ಅಂದಿದ್ರು. ಈಗ ಮತ್ತೆ ತಂದು ಸಿಗಿಸಿದ್ದಾರೆ."

ಪಕ್ಕದ ಮಂಚದ ಹಾಸಿಗೆ ಮಡಚಿಟ್ಟಿತ್ತು. ಅಕ್ಕ ಆ ಕಡೆ ನೋಡುತ್ತಿರಲಿಲ್ಲ. ಸಾಹೇಬ ಕೆಳಗಿನ ಯಂತ್ರದಿಂದ ತಂದಿದ್ದ ಚಹಾದ ಲೋಟ ಚಾಚಿದ.

"ಸಿಹಿ ಹಾಕಿಸಿದ್ದೀಯಾ? ಬೇಡಪ್ಪ, ವಾಕರಿಕೆ ಬರುತ್ತೆ. ನೀರು ಕೊಡು."

ಒಂದು ಬಾಟಲಿ ನೀರು ಗಟಗಟನೆ ಖಾಲಿಯಾಯಿತು.

"ಅಕ್ಕ, ಭಾನುವಾರದಿಂದ ಈಚೆಗೆ ಟೈಲರಮ್ಮನ ಹತ್ರ ಹೊರಗಿನವರು ಯಾರಾದ್ರೂ ಬಂದಿದ್ರಾ? ಬೂದು ಬಣ್ಣದ ಕೋಟು ಹಾಕಿದ, ಮಾತ್ರೆ ಕಂಪನಿಯ ಒಬ್ಬ ಮನುಷ್ಯ?"

"ಇಲ್ಲಿಗ್ಯಾರು ಬರ್ತಾರೆ? ಅವಳಿಗೆ ಮಗಳು, ನನಗೆ ನೀನು."

"ಅವಳ ಫ್ಲಾಸ್ಕಲ್ಲಿ ಏನಿತ್ತು ಗೊತ್ತಾ?"

"ಐಸು ಚೀಪೋಳು." ಅಕ್ಕ ಹೊರಗಿನ ರಸ್ತೆ ನೋಡುತ್ತಾ ಹೇಳಿದಳು. "ಒಳ್ಳೆ ಹೆಂಗಸು ಕಣೋ. ನನ್ನ ಕುಪ್ಪಸದ ತೋಳು ಬಿಗಿಯಾಗಿದೆ ಅಂತ ಅವಳೇ ಬಿಚ್ಚಿ ಹೊಲಿದುಕೊಟ್ಲು. ಪುಟ್ಟ, ನಿಜ ಹೇಳು. ಸೂಜಿ ನಿಲ್ಲಿಸ್ತಾರಾ?"

"ನಿಲ್ಲಿಸೋಕೆ ನಾನು ಬಿಡಲ್ಲ."

"ಆಣೆ ಮಾಡು."

"ಅಕ್ಕಾ..."

"ಹಳೇದಕ್ಕೆ ಮಾತ್ರ ನನ್ನ ಹಾಕ್ಬೇಡ ಕಣೋ. ಅದಕ್ಕಿಂತ ಒಂದೇ ಸಲ ಮಣ್ಣಿಗೆ ಹಾಕು."

ಸಾಹೇಬ ಅವಳ ತಲೆ ಮುಟ್ಟಿ ಆಣೆ ಮಾಡಿದ.

*

ಔಷಧಿ ಕಂಡುಹಿಡಿದವಳ ಪ್ರಯೋಗಾಲಯ ಆಸ್ಪತ್ರೆಯ ಹಿಂದಿನ ಕಟ್ಟಡದಲ್ಲಿತ್ತು. ಒಳಗೆ ಹೋದರೆ ಸ್ಪಿರಿಟ್ಟಿನ ವಾಸನೆ, ಅದರ ಕೆಳಗೆ ಇಲಿಗೂಡಿನ ವಾಸನೆ. ಮೇಜಿನ ಮೇಲೆ ಬಣ್ಣಬಣ್ಣದ ಗೋಲಿಗಳಿಗೆ ಕಡ್ಡಿ ಚುಚ್ಚಿ ಮಾಡಿದ ಅಣುವಿನ ಮಾದರಿ. ಶಿಷ್ಯರು ಅವಳನ್ನು ಹುಳಿ ಮೇಡಂ ಎನ್ನುತ್ತಿದ್ದರು. ಬಾಯಿ ತೆಗೆದರೆ ಹುಳಿಯ ಮಾತು, ಮುಖವೂ ಅದಕ್ಕೆ ತಕ್ಕ ಹಾಗೆ.

"ಮತ್ತೆ ಬಂದ್ರಾ?" ಎಂದಳು ಅವಳು. ಎರಡು ದಿನದಿಂದ ನಿದ್ದೆ ಮಾಡದ ಕಣ್ಣು.

"ನನಗೆ ಇನ್ನೊಂದು ಸಲ ಅರ್ಥ ಮಾಡಿಸಿ ಮೇಡಂ. ನಾನು ದಡ್ಡ ಅಂದ್ಕೊಂಡೇ ಹೇಳಿ."

ಹುಳಿ ಮೇಡಂ ಮಾದರಿಯನ್ನು ಕೈಗೆತ್ತಿಕೊಂಡಳು. "ನೋವಿರೋ ಜಾಗ ಹುಳಿಯಾಗಿರುತ್ತೆ, ಅಂದ್ರೆ ಆಮ್ಲ ಜಾಸ್ತಿ. ಊತ ಇರಲಿ, ಗಾಯ ಇರಲಿ, ಗಡ್ಡೆ ಇರಲಿ. ಆರೋಗ್ಯವಾಗಿರೋ ಕಡೆ ಅಷ್ಟು ಹುಳಿ ಇರಲ್ಲ. ಮಾರ್ಫಿನ್‌ಗೆ ಆ ಭೇದ ಗೊತ್ತಿಲ್ಲ, ಮೈಯಲ್ಲಿರೋ ಅಷ್ಟೂ ಬಾಗಿಲು ತಟ್ಟುತ್ತೆ. ನೋವು ನಿಲ್ಲುತ್ತೆ, ಜೊತೆಗೆ ಕರುಳೂ ನಿಲ್ಲುತ್ತೆ, ಹೆಚ್ಚಾದ್ರೆ ಉಸಿರೂ ನಿಲ್ಲುತ್ತೆ. ನಾನು ಅದರ ಒಂದು ಮೂಲೆ ಬದಲಾಯಿಸಿದೆ, ನೋಡಿ, ಈ ಹಸಿರು ಗೋಲಿ. ಈಗ ಇದು ಹುಳಿ ಇರೋ ಕಡೆ ಮಾತ್ರ ಅಂಟಿಕೊಳ್ಳುತ್ತೆ. ಬೇರೆ ಕಡೆ ಸುಮ್ಮನೆ ಹಾದುಹೋಗುತ್ತೆ. ಅದಕ್ಕೇ ನಮ್ಮ ರೋಗಿಗಳಿಗೆ ತೂಕಡಿಕೆ ಇಲ್ಲ, ಹೊಟ್ಟೆ ಕಟ್ಟಲ್ಲ."

"ಟೈಲರಮ್ಮನ ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟಾಗಿತ್ತು. ಮಾರ್ಫಿನ್ ತಲೆಗೇರಿದವರಿಗೆ ಹಾಗಾಗುತ್ತೆ ಅಂತ ಡಾಕ್ಟರು ಹೇಳಿದ್ರು. ನಿಮ್ಮದು ತಲೆಗೆ ಏರಲ್ಲ ಅಂತೀರಿ."

"ಗೊತ್ತು."

"ರಕ್ತ ಪೂರ್ತಿ ಹುಳಿಯಾಗಿತ್ತು."

"ಅದೂ ಗೊತ್ತು. ಬುಧವಾರವೇ ಮೊದಲ ವರದಿ ನೋಡಿದೆ."

ಸಾಹೇಬನಿಗೆ ರೇಗಿತು. "ನೋಡಿ ಎರಡು ದಿನ ಬಾಯಿಗೆ ಬೀಗ ಹಾಕ್ಕೊಂಡು ಕೂತ್ರಾ? ಮೇಲೆ ಹನ್ನೊಂದು ಜನ ಇದೇ ಇಂಜೆಕ್ಷನ್ ಚುಚ್ಚಿಸ್ಕೊಳ್ತಿದ್ದಾರೆ! ಅವರಲ್ಲಿ..." ಅವರಲ್ಲಿ ಒಬ್ಬಳು ನನ್ನಕ್ಕ ಎನ್ನುವುದನ್ನು ನಾಲಿಗೆ ತುದಿಯಲ್ಲೇ ತಡೆದುಕೊಂಡ.

"ಏನು ಹೇಳಲಿ?" ಅವಳ ದನಿಯೂ ಏರಿತು. "ರಕ್ತ ಯಾಕೆ ಹುಳಿಯಾಯ್ತು ಅಂತ ನನಗೇ ಗೊತ್ತಿಲ್ಲ! ಔಷಧಿಯೇ ಹಾಗೆ ಮಾಡ್ತೋ, ಬೇರೇನಾದ್ರೂ ಇತ್ತೋ? ಉಸಿರು ನಿಂತ ಮೇಲೆ ಯಾರ ರಕ್ತವಾದರೂ ಹುಳಿಯಾಗುತ್ತೆ. ಯಾವುದು ಮೊದಲು, ಯಾವುದು ಆಮೇಲೆ? ಎರಡು ದಿನದಿಂದ ಅದೇ ಲೆಕ್ಕ ಹಾಕ್ತಾ ಕೂತಿದ್ದೀನಿ. ಹದಿನಾಲ್ಕು ವರ್ಷ ಇದಕ್ಕೆ ಕೊಟ್ಟಿದ್ದೀನಿ ನಾನು."

"ಅವಳಿಗೆ ಸಕ್ಕರೆ ಕಾಯಿಲೆ ಇತ್ತು. ಬಚ್ಚಿಟ್ಟು ಸೇರಿದ್ಲು. ಅವಳ ಇನ್ಸುಲಿನ್ ಯಾರೋ ಎತ್ತಿದ್ದಾರೆ."

ಹುಳಿ ಮೇಡಂ ಮಾದರಿಯನ್ನು ಕೆಳಗಿಟ್ಟಳು. ಸ್ಟೂಲು ಹುಡುಕಿ ಕೂತಳು.

"ಅಯ್ಯೋ," ಎಂದಳು. "ಇನ್ಸುಲಿನ್ ತಪ್ಪಿದ್ರೆ ರಕ್ತ ಹುಳಿಯಾಗ್ತಾ ಹೋಗುತ್ತೆ. ಆಗ ನನ್ನ ಔಷಧಿಗೆ ಇಡೀ ಮೈಯೇ ಗಾಯದ ಹಾಗೆ ಕಾಣುತ್ತೆ. ಮಿದುಳು ಕೂಡ. ಉಸಿರು ತಗ್ಗುತ್ತೆ. ಉಸಿರು ತಗ್ಗಿದ್ರೆ ರಕ್ತ ಇನ್ನಷ್ಟು ಹುಳಿ, ಹುಳಿಯಾದಷ್ಟೂ ಔಷಧಿಗೆ ಬಲ. ಗಾಣದೆತ್ತಿನ ಹಾಗೆ ಸುತ್ತಿ ಸುತ್ತಿ..." ಮುಂದಿನದನ್ನು ಹೇಳಲಿಲ್ಲ.

"ನಿಮ್ಮ ಇಲಿಗಳಲ್ಲಿ ಇದು ಗೊತ್ತಾಗಲಿಲ್ವಾ?"

"ನಮ್ಮ ಇಲಿಗಳನ್ನ ನೋಡಿದ್ದೀರಾ ಸಾಹೇಬ್ರೇ? ಎಲ್ಲಾ ಒಂದೇ ವಯಸ್ಸಿನವು, ಎಲ್ಲಾ ಗಟ್ಟಿಮುಟ್ಟು. ಪಾದ ಊದಿಸ್ತೀವಿ, ಔಷಧಿ ಕೊಡ್ತೀವಿ, ಉಸಿರು ಅಳೀತೀವಿ. ಒಂದಕ್ಕೂ ಸಕ್ಕರೆ ಇಲ್ಲ, ಒಂದರ ಮೂತ್ರಪಿಂಡವೂ ಕೆಟ್ಟಿಲ್ಲ. ಕಾಯಿಲೆ ಇರೋ ಇಲಿ ತಂದ್ರೆ ಲೆಕ್ಕ ಕೆಡುತ್ತೆ ಅಂತ ನಾವೇ ಆರಿಸಿ ಬಿಸಾಕ್ತೀವಿ. ಪಾದ ಬಿಟ್ಟು ಬೇರೆಲ್ಲಾ ಚೆನ್ನಾಗಿರೋ ಜೀವದ ಮೇಲೆ ಪರೀಕ್ಷೆ ಮಾಡಿ, ಮೈಯೆಲ್ಲ ಕೆಟ್ಟಿರೋರಿಗೆ ಕೊಟ್ವಿ." ಅವಳು ಮುಖ ಉಜ್ಜಿಕೊಂಡಳು. "ರಕ್ತ ಹುಳಿಯಾಗೋ ಕಾಯಿಲೆಯವರು ಬೇಡ ಅಂತ ನಾನೇ ನಿಯಮ ಮಾಡಿದ್ದೆ. ಜನ ಸುಳ್ಳು ಹೇಳ್ತಾರೆ ಅಂತ ಹೊಳೀಲೇ ಇಲ್ಲ."

"ಈ ಗುಟ್ಟು ಬೇರೆ ಯಾರಿಗೆ ಗೊತ್ತು?"

ಅವಳು ಯೋಚಿಸಿದಳು. "ಒಬ್ಬನಿಗೆ. ಹೋದ ತಿಂಗಳು ಒಂದು ಸಭೆಯಲ್ಲಿ ನನ್ನನ್ನ ಕೇಳಿದ. ರಕ್ತವೇ ಹುಳಿಯಾದರೆ ನಿಮ್ಮ ಔಷಧಿ ಏನು ಮಾಡುತ್ತೆ ಅಂತ. ನಾನು ನಕ್ಕು ತಳ್ಳಿಹಾಕಿದೆ. ಹಳೇ ನೋವಿನ ಮಾತ್ರೆ ಮಾರೋ ಕಂಪನಿಯವನು, ಯಾವಾಗ ನೋಡಿದರೂ ಬೂದು ಕೋಟು ಹಾಕ್ಕೊಂಡಿರ್ತಾನೆ."

ಸಾಹೇಬ ಮೇಜು ತಟ್ಟಿದ ಏಟಿಗೆ ಗೋಲಿಗಳು ಅದುರಿದವು. ಬೂದುಕೋಟು! ಅವನ ಮೇಲೆ ಮೊದಲ ದಿನದಿಂದಲೂ ಕಣ್ಣಿತ್ತು. ಬೆಳಿಗ್ಗೆಯೇ ದಫೇದಾರನನ್ನು ಅವನ ಬೆನ್ನು ಹತ್ತಲು ಕಳಿಸಿಯಾಗಿತ್ತು. ಈ ಔಷಧಿ ಬಂದರೆ ಹೊಟ್ಟೆ ಮೇಲೆ ಹೊಡೆತ ಬೀಳುವುದು ಅವನಿಗೇ. ಪೆನ್ನು ಎತ್ತಿಸಿದ್ದಾನೆ, ಸಾವು ಬಂದಿದೆ, ಪರೀಕ್ಷೆ ನಿಲ್ಲುವ ಹಂತಕ್ಕೆ ಬಂದಿದೆ. ಇನ್ನೇನು ಬೇಕು? ಅವನನ್ನು ಎಳೆದು ತಂದರೆ ಸಂಜೆಯ ಸಭೆಯಲ್ಲಿ ಔಷಧಿ ನಿರ್ದೋಷಿ. ಅಕ್ಕನ ಸೂಜಿ ಭದ್ರ.

"ಅವನಿಗೆ ಟೈಲರಮ್ಮನಿಗೆ ಸಕ್ಕರೆ ಇದೆ ಅಂತ ಹೇಗೆ ಗೊತ್ತಾಯ್ತು?" ಎಂದಳು ಹುಳಿ ಮೇಡಂ. "ನಮಗೇ ಗೊತ್ತಿರಲಿಲ್ಲ."

ಸಾಹೇಬನ ಕೈ ಮೇಜಿನ ಮೇಲೇ ನಿಂತಿತು.

"ನಾನು ಪೊಲೀಸಲ್ಲ. ಆದ್ರೂ ಹೇಳ್ತೀನಿ. ಆ ಪೆನ್ನು ತೆಗೆದೋರಿಗೆ ಒಂದೋ ನಮ್ಮ ಔಷಧಿ ಬಗ್ಗೆ ಎಲ್ಲಾ ಗೊತ್ತಿರಬೇಕು, ಇಲ್ಲ ಏನೇನೂ ಗೊತ್ತಿರಬಾರದು."

*

ಆಸ್ಪತ್ರೆಯ ಮೆಟ್ಟಿಲ ಬಳಿ ಫೋನು ಬಡಿದುಕೊಂಡಿತು. ದಫೇದಾರ.

"ಸಾರ್, ಗಾಳಿಗೆ ಗುದ್ದಿದ ಹಾಗಾಯ್ತು. ಬೂದುಕೋಟು ಭಾನುವಾರದಿಂದ ಗುರುವಾರದವರೆಗೂ ಊರಲ್ಲೇ ಇರಲಿಲ್ಲ. ಮಗಳ ಮದುವೆ ಮಾಡ್ತಿದ್ದ. ಫೋಟೋ ನೋಡಿದೆ, ಅಲ್ಲೂ ಬೂದು ಕೋಟೇ ಹಾಕ್ಕೊಂಡಿದ್ದಾನೆ ಮಹಾರಾಯ."

"ಅವನ ಕಡೆಯವರು?"

"ಕಾರಿಡಾರಿನ ಕ್ಯಾಮೆರಾ ಪೂರ್ತಿ ನೋಡಿದೆ. ಆ ರೂಮಿಗೆ ಸತ್ತೋರ ಮಗಳು, ಔಷಧಿ ಗಾಡಿ ತಳ್ಕೊಂಡು ಬರೋ ನರ್ಸುಗಳು, ನೀವು. ಇಷ್ಟು ಬಿಟ್ರೆ ನರಪಿಳ್ಳೇನೂ ಒಳಗೆ ಹೋಗಿಲ್ಲ. ನರ್ಸುಗಳು ಯಾವಾಗಲೂ ಇಬ್ಬಿಬ್ರೇ ಬರ್ತಾರೆ. ಒಳಗಿದ್ದೋರು ಅಂದ್ರೆ ಸತ್ತಾಕೆ, ಆಮೇಲೆ..." ದಫೇದಾರ ಅಲ್ಲಿಗೇ ನಿಲ್ಲಿಸಿದ. ಆಮೇಲೆ ಯಾರು ಅಂತ ಅವನಿಗೂ ಗೊತ್ತಿತ್ತು.

ಸಾಹೇಬ ಫೋನು ಇಟ್ಟು ಮೆಟ್ಟಿಲ ಮೇಲೆ ಕೂತುಬಿಟ್ಟ. ಹೋಗಿ ಬರುವವರು ದಾರಿ ಸಾಲದೆ ಗೊಣಗಿಕೊಂಡು ದಾಟಿದರು.

ಯಾರು ಕೊಲ್ಲಲು ಬಯಸಿದ್ದರು ಎಂದೇ ಅವನು ಇಷ್ಟು ಹೊತ್ತು ಹುಡುಕಿದ್ದು. ಇನ್ಸುಲಿನ್ ಯಾರಿಗೆ ಬೇಕಿತ್ತು ಎಂದು ಒಂದು ಸಲವೂ ಕೇಳಿಕೊಳ್ಳಲಿಲ್ಲ. ಇನ್ಸುಲಿನ್ ಬೇಕಾಗುವುದು ಸಕ್ಕರೆ ಇದ್ದವರಿಗೆ. ಇದು ತಿಳಿಯಲು ಪೊಲೀಸ್ ಬುದ್ಧಿ ಯಾಕೆ?

ಸಿಹಿ ಚಹಾ ಮುಟ್ಟದ ಅಕ್ಕ. ಗಟಗಟನೆ ಖಾಲಿಯಾದ ಬಾಟಲಿ. ಎರಡು ವರ್ಷದಿಂದ ಸೊರಗುತ್ತಾ ಬಂದ ಮೈ, ಕ್ಯಾನ್ಸರಿನಿಂದ ಎಂದು ಎಲ್ಲರೂ ತಿಳಿದಿದ್ದು. ಇನ್ನು ಮುಂದಕ್ಕೆ ಯೋಚಿಸುವುದೇ ಬೇಡ, ಇಲ್ಲಿಂದಲೇ ಎದ್ದು ಮನೆಗೆ ಹೋಗಿಬಿಡಲೇ ಎನಿಸಿತು. ಆದರೂ ಕಾಲು ಮೇಲಕ್ಕೇ ಹತ್ತಿತು.

*

"ಅಕ್ಕಾ, ಪೆನ್ನು ಎಲ್ಲಿ?"

ಠಾಣೆಯಲ್ಲಿ ಕೇಳುವ ದನಿಯೇ ಬಂದುಬಿಟ್ಟಿತು. ಬಂದ ಮೇಲೆ ಅವನಿಗೇ ನಾಚಿಕೆಯಾಯಿತು.

ಅಕ್ಕ ಮಂಚದ ಮೇಲೆ ಕೂತಿದ್ದಳು. ಸಂಜೆಯ ಇಂಜೆಕ್ಷನ್ನಿನ ಹೊತ್ತು ಹತ್ತಿರವಾಗಿತ್ತು. ಬೆಳಗಿನದರ ಬಲ ಇಳಿಯುತ್ತಿದ್ದುದು ಅವಳು ಸೊಂಟವನ್ನು ಒಂದು ಕಡೆಗೆ ವಾಲಿಸಿದ ರೀತಿಯಲ್ಲೇ ಕಾಣುತ್ತಿತ್ತು. ಅವನ ಮುಖವನ್ನು ಒಮ್ಮೆ ನೋಡಿದಳು. ದಿಂಬಿನ ಗವಸಿನೊಳಗೆ ಕೈ ಹಾಕಿ, ಪ್ಲಾಸ್ಟಿಕ್ ಚೀಲ ಸುತ್ತಿದ ಪೆನ್ನನ್ನು ತೆಗೆದು ಹೊದಿಕೆಯ ಮೇಲೆ ಇಟ್ಟಳು.

"ಯಾವಾಗಿನಿಂದ ನಿಂಗೆ ಸಕ್ಕರೆ?"

"ಎರಡು ವರ್ಷ ಆಯ್ತು."

"ನನಗೆ ಹೇಳಲಿಲ್ಲ!"

"ಹೇಳಿದ್ರೆ ಇಲ್ಲಿ ಸೇರಿಸ್ತಿದ್ಯಾ? ಆ ಡಾಕ್ಟರ ಮುಂದೆ ನಿಂತು ನಮ್ಮಕ್ಕನಿಗೆ ಏನೂ ಇಲ್ಲ ಅಂತ ಸುಳ್ಳು ಹೇಳೋಕೆ ನಿಂಗೆ ಬರ್ತಿತ್ತಾ? ಚಿಕ್ಕೋನಿದ್ದಾಗ ಸಕ್ಕರೆ ಡಬ್ಬಿಗೆ ಕೈ ಹಾಕಿದ್ರೂ ನಿನ್ನ ಕಿವಿ ಕೆಂಪಾಗೋದು." ಅವಳು ನಗಲು ನೋಡಿದಳು, ಆಗಲಿಲ್ಲ. "ನಾನು ಬರೋವಾಗ ತಂದಿದ್ದು ಹೋದ ಶನಿವಾರ ಮುಗೀತು. ತರಿಸೋಕೆ ನಂಗೆ ಯಾರಿದ್ದಾರೆ? ಇರೋನು ನೀನೊಬ್ಬ. ನೀನು ನೋಡಿದ್ರೆ ಪೊಲೀಸು."

"ಅದಕ್ಕೆ ಅವಳದನ್ನ ಎತ್ತಿದ್ಯಾ?"

"ಅವಳೇ ಕೊಟ್ಟಳು."

ಸಾಹೇಬ ಕಣ್ಣು ಮುಚ್ಚಿಕೊಂಡ. ಮೂವತ್ತು ವರ್ಷದ ನೌಕರಿಯಲ್ಲಿ ಈ ಮಾತು ಎಷ್ಟು ಸಲ ಕೇಳಿದ್ದನೋ! ಸೈಕಲ್ ಕದ್ದವನು, ಸರ ಕಿತ್ತವನು, ಯಜಮಾನನ ಗಡಿಯಾರ ಜೇಬಿಗಿಳಿಸಿದವನು, ಸಿಕ್ಕಿಬಿದ್ದ ಪ್ರತಿಯೊಬ್ಬನೂ ಮೊದಲು ಹೇಳುವುದು ಇದನ್ನೇ. ಅವರೇ ಕೊಟ್ಟರು ಸಾರ್. ಅವನು ಒಬ್ಬನನ್ನೂ ನಂಬಿರಲಿಲ್ಲ.

"ನಿಜ ಕಣೋ. ಭಾನುವಾರ ಸಂಜೆ ನಾನು ತಲೆ ಸುತ್ತಿ ಬಿದ್ದೆ. ಅವಳೇ ಎಬ್ಬಿಸಿ ಕೂರಿಸಿದ್ಲು. ಇದನ್ನ ನೀನಿಟ್ಕೋ, ನನಗೆ ಮಗಳಿದ್ದಾಳೆ, ಇನ್ನೊಂದು ತರಿಸ್ಕೋತೀನಿ ಅಂದ್ಲು."

"ತರಿಸ್ಕೊಳ್ಳಲಿಲ್ಲ. ಎರಡು ದಿನ ಮಗಳ ಜೊತೆ ಮಾತಾಡಿದ್ದಾಳೆ, ಪೆನ್ನಿನ ಹೆಸರೆತ್ತಲಿಲ್ಲ."

"ಹೊಸದು ಕೊಟ್ಟ ಮಾರನೇ ದಿನವೇ ಇನ್ನೊಂದು ಕೇಳಿದ್ರೆ ಮಗಳು ಏನು ಅಂತ ಕೇಳ್ತಾಳಲ್ಲ? ನನ್ನ ಗುಟ್ಟು ಹೊರಗೆ ಬೀಳುತ್ತೆ ಅಂತ ಸುಮ್ಮನಾದ್ಲು. ಎರಡು ದಿನ ತಪ್ಪಿದ್ರೆ ಏನೂ ಆಗಲ್ಲ ಅಂತ ಅವಳೂ ಅಂದ್ಲು, ನಾನೂ ಅಂದ್ಕೊಂಡೆ. ಅವಳ ಪ್ರಾಣ ಹೋಗುತ್ತೆ ಅಂತ ನಂಗೇನು ಗೊತ್ತಿತ್ತು ಪುಟ್ಟ?"

ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು. ಅವನಿಗೆ ಹೋಗಿ ತಬ್ಬಿಕೊಳ್ಳಬೇಕು ಎನಿಸಿತು. ಆದರೆ ಹಿಡಿದದ್ದನ್ನು ಬಿಡದ ಹಾಳು ಬುದ್ಧಿ ಆ ಹೊತ್ತಿನಲ್ಲೂ ಬಿಡಲಿಲ್ಲ.

"ಅಕ್ಕ, ಒಂದು ಪೆನ್ನಲ್ಲಿ ವಾರಗಟ್ಟಲೆ ಆಗೋಷ್ಟು ಇರುತ್ತೆ. ಇಬ್ರೂ ಒಂದೇ ರೂಮಲ್ಲಿದ್ರಿ. ಸೂಜಿ ಬದಲಾಯಿಸಿ ಹಂಚ್ಕೋಬಹುದಿತ್ತು. ಅವಳು ಪೂರ್ತಿ ಯಾಕೆ ಕೊಟ್ಲು?"

ಅಕ್ಕ ಹೊದಿಕೆಯ ಅಂಚನ್ನು ಮಡಚಿದಳು, ಬಿಡಿಸಿದಳು.

"ಅಕ್ಕಾ."

"ಅವಳು ಹೋದ ಮೇಲೆ ನಾನು ಅದನ್ನ ಮುಟ್ಟಿಲ್ಲ. ಕೈ ಬರಲಿಲ್ಲ ಕಣೋ. ಬುಧವಾರದಿಂದ ಒಂದು ಸಲವೂ ಚುಚ್ಕೊಂಡಿಲ್ಲ."

ಸಾಹೇಬ ಬೆರಳು ಮಡಚಿ ಎಣಿಸಿದ. ಎರಡು ದಿನ. ಟೈಲರಮ್ಮನಿಗೂ ಎರಡೇ ದಿನ ಸಾಕಾಗಿತ್ತು.

ಬಾಗಿಲು ತಟ್ಟಿದ ಸದ್ದಾಯಿತು. ನರ್ಸು ಒಳಗೆ ಇಣುಕಿದಳು, ಜೊತೆಯವಳು ಗಾಡಿಯ ಹತ್ತಿರ ಹೊರಗೇ ನಿಂತಳು. ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ತುಂಬಿಸಿಟ್ಟ ಸಿರಿಂಜು. "ಇಂಜೆಕ್ಷನ್ ಟೈಮು ಅಜ್ಜಿ. ಕ್ಲಿಪ್ಪು ಮತ್ತೆ ತೆಗೆದಿಟ್ರಾ?"

ಅಕ್ಕನ ಮುಖ ಅರಳಿತು. ಹಸಿದ ಮಗು ಹಾಲಿನ ಬಟ್ಟಲು ನೋಡಿದ ಹಾಗೆ ನೋಡಿದಳು. ಸಾಹೇಬ ಎರಡೇ ಹೆಜ್ಜೆಗೆ ಬಾಗಿಲಿಗೆ ಅಡ್ಡ ನಿಂತ. ಬೆನ್ನ ಹಿಂದೆ ಮಾಡಿದ ಕೈಯಿಂದ ಹೊದಿಕೆಯ ಕಡೆಗೆ ಸನ್ನೆ ಮಾಡಿದ, ಪೆನ್ನು ಮುಚ್ಚು ಎಂದು. ಪೊಲೀಸಿನವನು ಸಾಕ್ಷಿ ಮುಚ್ಚಿಸುತ್ತಿದ್ದೇನೆ ಎನ್ನುವುದು ಆಮೇಲೆ ಹೊಳೆಯಿತು.

"ಈಗ ಬೇಡ. ಹಾಕ್ಬೇಡಿ."

"ಯಾಕೆ ಸಾರ್?"

ಯಾಕೆ? ರಕ್ತ ಪರೀಕ್ಷೆ ಮಾಡಿ ಎನ್ನಬೇಕು. ಯಾಕೆ ಎಂದರೆ ಸಕ್ಕರೆ ಎನ್ನಬೇಕು. ಹಾಗೆಂದ ಕೂಡಲೇ ಅಕ್ಕ ಪರೀಕ್ಷೆಯಿಂದ ಹೊರಗೆ, ಪೆನ್ನು ಹೊರಗೆ, ಕೇಸು ಅವಳ ಕೊರಳಿಗೆ. ಹೇಳದಿದ್ದರೆ ಈ ಹುಡುಗಿ ನಿಯಮದ ಪ್ರಕಾರ ಸೂಜಿ ಚುಚ್ಚಿ ಹೋಗುತ್ತಾಳೆ.

"ಪುಟ್ಟ, ದಾರಿ ಬಿಡು," ಎಂದಳು ಅಕ್ಕ ಹಿಂದಿನಿಂದ. "ನೋವು ಶುರುವಾಗಿದೆ."

"ತಡಿ ಅಕ್ಕ."

"ತಡೆಯೋಕಾಗಲ್ಲ ಕಣೋ. ಆಣೆ ಮಾಡಿದ್ಯಲ್ಲ ನನ್ನ ತಲೆ ಮುಟ್ಟಿ?"

ಅವನು ತಿರುಗಿ ನೋಡಲಿಲ್ಲ. ನೋಡಿದರೆ ದಾರಿ ಬಿಟ್ಟುಬಿಡುತ್ತೇನೆ ಎಂದು ಅವನಿಗೆ ಗೊತ್ತಿತ್ತು. ಮಂಚ ಕಿರುಗುಟ್ಟಿತು. ಅವಳು ಎದ್ದು ನಿಂತಿದ್ದಳು.

"ಆಯ್ತು. ನಾನೇ ಕದ್ದೆ." ನರ್ಸಿಗೆ ಕೇಳುವಷ್ಟು ಗಟ್ಟಿಯಾಗಿಯೇ ಹೇಳಿದಳು. "ಅವಳು ನಿದ್ದೆ ಮಾಡ್ತಿದ್ದಾಗ ಫ್ಲಾಸ್ಕಿಂದ ಕದ್ದೆ. ನಿಂಗೆ ಅದೇ ತಾನೆ ಬೇಕಾಗಿರೋದು? ಬರ್ಕೋ, ಸೈನು ಹಾಕ್ತೀನಿ. ಎಲ್ಲಿಗೆ ಬೇಕಾದ್ರೂ ಎಳ್ಕೊಂಡು ಹೋಗು. ಆದ್ರೆ ಸೂಜಿ ಹಾಕಿಸಿ ಆಮೇಲೆ ಎಳ್ಕೊಂಡು ಹೋಗಪ್ಪ, ನಿನ್ನ ಕಾಲಿಗೆ ಬೀಳ್ತೀನಿ."

ನರ್ಸು ತಟ್ಟೆಯನ್ನು ಎದೆಗೆ ಹಿಡಿದು ಒಂದು ಹೆಜ್ಜೆ ಹಿಂದಕ್ಕೆ ಸರಿದಳು.

ಸಾಹೇಬ ಕಡೆಗೂ ತಿರುಗಿದ. ಅವನನ್ನು ಎತ್ತಿ ಆಡಿಸಿದವಳು ನಿಜವಾಗಿಯೂ ಬಗ್ಗುತ್ತಿದ್ದಳು, ಸೊಂಟ ಬಗ್ಗದೆ ನಡುವೆಯೇ ನಿಂತು ನರಳುತ್ತಿದ್ದಳು. ಅವಳೇ ಕೊಟ್ಟಳು ಎಂದದ್ದು ಸುಳ್ಳೋ, ನಾನೇ ಕದ್ದೆ ಎಂದದ್ದು ಸುಳ್ಳೋ, ಆ ಮುಖದಲ್ಲಿ ಹುಡುಕಿದ. ಅಲ್ಲಿ ನೋವು ಬಿಟ್ಟರೆ ಬೇರೇನೂ ಕಾಣಲಿಲ್ಲ.

"ಸಾರ್," ಎಂದಳು ನರ್ಸು, ಅಳುವ ದನಿಯಲ್ಲಿ. "ಹಾಕ್ಲೋ ಬೇಡ್ವೋ ಹೇಳಿ."